ಹೊಲದ ಒಲೆಯ ಮುಂದೆ ಮಕ್ಕಳು: ಬೂದಿಯಡಿಯ ಕೆಂಡ ಮರೆಯದಿರಿ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ನರಗುಂದ ಬಿಟ್ಟು, ಕೊಣ್ಣೂರಿನ ಹತ್ತಿರ ಮಲಪ್ರಭೆಯ ಸೇತುವೆ ದಾಟಿದರೆ ಬಾದಾಮಿಗೆ ತಿರುಗುವ ಕುಳಗೇರಿ ಕ್ರಾಸ್ ಸಿಗುತ್ತದೆ. ಗುಹೆ ನೋಡಲು ಹೊರಟವರಿಗೆ ಅದು ಚಹಾ ಕುಡಿಯಲು ನಿಲ್ಲುವ ಜಾಗ. ನಮ್ಮಂಥವರಿಗೆ ಊರಿಗೆ ಬಂದೆವು ಎಂಬ ಗುರುತು. ಡಿಸೆಂಬರ್ ಕೊನೆಗೆ, ಜನವರಿಯಲ್ಲಿ ಸುತ್ತಲಿನ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟಿ ಹಾಲುಗಾಳಾಗಿರುತ್ತದೆ, ಕಡಲೆ ಕಾಯಿ ಹಿಡಿದಿರುತ್ತದೆ. ಪಟ್ಟಣದಲ್ಲಿರುವ ಚಾಚಾ, ಮಾಮುಗಳೆಲ್ಲ ಮಕ್ಕಳನ್ನು ಕಟ್ಟಿಕೊಂಡು ಬರುವುದು ಆಗಲೇ. ಸೀತನಿ ಸುಡಬೇಕು, ಬದನೆಕಾಯಿ ಸುಡಬೇಕು, ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಎಲ್ಲರೂ ಕೂಡಿ ಉಣ್ಣಬೇಕು.

ಮೂರು ವರ್ಷದ ಹಿಂದೆ ಹೀಗೆಯೇ ಸೇರಿದ್ದೆವು. ಸೀತನಿ ಸುಟ್ಟಾಯಿತು, ತಿಂದಾಯಿತು. ಗಂಡಸರು ಕುಣಿಯ ಮೇಲೆ ನಾಲ್ಕು ಸಲಿಕೆ ಮಣ್ಣು ಎಳೆದು, ಕೈಕಾಲು ತೊಳೆದು ಅಸರ್ ನಮಾಝಿಗೆ ನಿಂತರು. ದೊಡ್ಡವರು ಚಪ್ಪಲಿ ಬಿಟ್ಟದ್ದನ್ನು ನೋಡಿ ಅಕ್ಕನ ನಾಲ್ಕು ವರ್ಷದ ಮಗನೂ ಬಿಟ್ಟ. ಸ್ವಲ್ಪ ಹೊತ್ತು ಸಾಲಿನಲ್ಲಿ ನಿಂತವನು ಬೇಸರವಾಗಿ ಓಡಿದ. ಹದವಾಗಿ ಹರವಿದ ಮಣ್ಣು ಕಂಡು ಅದರ ಮೇಲೆಯೇ ಹೆಜ್ಜೆ ಇಟ್ಟ. ಆ ಕೂಗು ನನಗೆ ಇನ್ನೂ ಕಿವಿಯಲ್ಲಿದೆ. ಹೊಗೆ ಇರಲಿಲ್ಲ, ಉರಿ ಇರಲಿಲ್ಲ, ಕೆಂಪು ಕಾಣುತ್ತಿರಲಿಲ್ಲ. ಎರಡೂ ಅಂಗಾಲು ಬೊಬ್ಬೆ ಎದ್ದವು. ಒಬ್ಬರು ಟೂತ್‌ಪೇಸ್ಟ್ ಹುಡುಕಿದರು, ಇನ್ನೊಬ್ಬರು ತುಪ್ಪ ಎಂದರು. ನೀರು ಎಂದು ನೋಡಿದರೆ ಕಾರಿನಲ್ಲಿ ಇದ್ದದ್ದು ಅರ್ಧ ಬಾಟಲಿ. ಅಡುಗೆಗೆ ತಂದಿದ್ದ ಕ್ಯಾನು ಕೈ ತೊಳೆಯುವಷ್ಟರಲ್ಲಿ ಖಾಲಿಯಾಗಿತ್ತು. ಮಗು ಮತ್ತೆ ಸರಿಯಾಗಿ ನಡೆಯಲು ಹಲವು ವಾರ ಬೇಕಾದವು. ತಪ್ಪು ನಮ್ಮದೇ. ಉರಿಯುವಾಗ ಹತ್ತು ಜನ ಕಾಯ್ದೆವು, ಆರಿದ ಮೇಲೆ ಒಬ್ಬರೂ ಕಾಯಲಿಲ್ಲ.

ನಮಗೆ ಇದು ತಿಳಿಯದ ವಿಷಯವಾಗಿರಲಿಲ್ಲ ಎಂಬುದೇ ಹೆಚ್ಚು ನೋವು. ನಮ್ಮ ದಾದಿ ರಾತ್ರಿ ಒಲೆಯ ಕೆಂಡವನ್ನು ಒಂದು ಕಡೆ ಗುಡ್ಡೆ ಮಾಡಿ ಮೇಲೆ ಬೂದಿ ಮುಚ್ಚಿ ಮಲಗುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ, ಎರಡು ಕಡ್ಡಿ ಇಟ್ಟು ಊದಿದರೆ ಉರಿ. ಬೆಂಕಿಪೊಟ್ಟಣದ ಖರ್ಚೇ ಇರಲಿಲ್ಲ. ಬೂದಿಗೂ ಮಣ್ಣಿಗೂ ಇರುವ ಗುಣ ಅದೇ. ಗಾಳಿ ಒಳಗೆ ಹೋಗದಂತೆ ತಡೆಯುವುದರಿಂದ ಕೆಂಡ ನಿಧಾನವಾಗಿ ಉರಿಯುತ್ತದೆ, ಕಾವು ಹೊರಗೆ ಹೋಗದಂತೆ ಹೊದಿಕೆಯೂ ಆಗುತ್ತದೆ. ಮಣ್ಣು ಮುಚ್ಚಿದ ಬೆಂಕಿ ಆರುವುದಿಲ್ಲ, ಅಡಗುತ್ತದೆ. ಸಂಜೆ ಮುಚ್ಚಿಟ್ಟ ಕುಣಿ ಮರುದಿನ ಬೆಳಿಗ್ಗೆಯೂ ಚರ್ಮ ಸುಡುವಷ್ಟು ಬಿಸಿ ಇರಬಹುದು. ಕುಳ್ಳಿನ ಬೆಂಕಿಯಂತೂ ಕಟ್ಟಿಗೆಯದಕ್ಕಿಂತ ಹೆಚ್ಚು ಹೊತ್ತು ಒಳಗೊಳಗೇ ಕನಲುತ್ತದೆ.

ಆದ್ದರಿಂದ ಹೊಲದ ಅಡುಗೆಯ ಮೊದಲ ಪಾಠವನ್ನು ಕೊನೆಯಿಂದ ಶುರುಮಾಡೋಣ. ಬೆಂಕಿಯನ್ನು ಮಣ್ಣಿನಿಂದಲ್ಲ, ನೀರಿನಿಂದ ಆರಿಸಬೇಕು. ಮಕ್ಕಳನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ. ಉದ್ದ ಕೋಲಿನಿಂದ ಕೆಂಡವನ್ನು ಹರವಿ, ಅಂಚಿನಿಂದ ಒಳಕ್ಕೆ ಚೊಂಬಿನಲ್ಲಿ ನಿಧಾನವಾಗಿ ನೀರು ಸುರಿಯಿರಿ. ಕೊಡ ಎತ್ತಿ ಒಮ್ಮೆಲೇ ಸುರಿದರೆ ಬಿಸಿ ಬೂದಿಯೂ ಹಬೆಯೂ ಮುಖಕ್ಕೆ ಹಾರುತ್ತದೆ. ಸುರಿದು ಕೆದಕಿ, ಮತ್ತೆ ಸುರಿದು ಕೆದಕಿ. ಚುರ್ ಎನ್ನುವ ಸದ್ದು ನಿಂತು, ಹಬೆ ಏಳುವುದು ನಿಂತು, ಎಲ್ಲವೂ ಕೆಸರಾಗಬೇಕು. ಆಮೇಲೆ ಅಂಗೈಯ ಹಿಂಬದಿಯನ್ನು ಮೇಲೆ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆಗಿಲ್ಲ ಎಂದರ್ಥ. ಒಲೆಯ ಕಲ್ಲುಗಳು ಬಹಳ ಹೊತ್ತು ಕಾವು ಹಿಡಿದಿರುತ್ತವೆ. ಮಕ್ಕಳಿಗೆ ಅವು ಕೂರುವ ಮಣೆಯಂತೆ ಕಾಣುತ್ತವೆ, ಎಚ್ಚರ. ನೀರು ಸಾಲದಿದ್ದರೆ ಒಬ್ಬ ದೊಡ್ಡವರು ಅಲ್ಲೇ ಕುಳಿತಿರಬೇಕು, ಬೇರೆ ದಾರಿಯಿಲ್ಲ. ನಮಾಝಿಗೆ ನಿಲ್ಲುವ ಮುಂಚೆ ಬೆಂಕಿ ಆರಿಸಿ, ಅಥವಾ ಒಬ್ಬರು ಒಲೆಯ ಬಳಿ ಉಳಿದು ಆಮೇಲೆ ಮಾಡಲಿ. ಮದೀನಾದಲ್ಲಿ ಒಂದು ಮನೆ ರಾತ್ರಿ ಹೊತ್ತು ಮನೆಯವರ ಸಮೇತ ಸುಟ್ಟುಹೋದ ಸುದ್ದಿ ತಲುಪಿದಾಗ ಪ್ರವಾದಿ(ಸ) ಅವರು ಬೆಂಕಿಯನ್ನು ನಮ್ಮ ಶತ್ರು ಎಂದು ಕರೆದು, ಮಲಗುವ ಮುನ್ನ ಅದನ್ನು ಆರಿಸಲು ಹೇಳಿದರೆಂಬ ವರದಿ ಸಹೀಹ್ ಬುಖಾರಿಯಲ್ಲಿದೆ. ನಾವು ಅದನ್ನು ಮನೆಯ ದೀಪಕ್ಕೆ ಮಾತ್ರ ಅನ್ವಯಿಸಿಕೊಂಡು ಹೊಲದ ಒಲೆಗೆ ಮರೆತುಬಿಡುತ್ತೇವೆ.

ನೀರಿನ ಲೆಕ್ಕ ಮನೆಯಲ್ಲೇ ಹಾಕಿ. ಕುಡಿಯಲು, ಅಡುಗೆಗೆ, ಕೈ ತೊಳೆಯಲು, ವುಝೂಗೆ ಎಂದು ಒಯ್ಯುವುದು ಒಂದು ಪಾಲು. ಇದಲ್ಲದೆ 20 ಲೀಟರಿನ ಒಂದು ಕ್ಯಾನು ಬೇರೆಯೇ ಇರಲಿ. ಅದಕ್ಕೆ ಕೆಂಪು ದಾರ ಕಟ್ಟಿ, ‘ಇದನ್ನು ಮುಟ್ಟಬಾರದು’ ಎಂದು ಎಲ್ಲರಿಗೂ ಹೇಳಿಡಿ. ಅದು ಬೆಂಕಿ ಆರಿಸಲು ಮತ್ತು, ಅಲ್ಲಾಹನು ಕಾಪಾಡಲಿ, ಯಾರಿಗಾದರೂ ಸುಟ್ಟರೆ ಹಾಕಲು. ಹೊಲದಲ್ಲಿ ಬಿದ್ದಿರುವ ಔಷಧಿ ಡಬ್ಬಿ, ಎಣ್ಣೆ ಕ್ಯಾನು ತೊಳೆದು ನೀರು ತುಂಬುವವರನ್ನು ನಾನು ಕಂಡಿದ್ದೇನೆ. ಕೀಟನಾಶಕದ ಡಬ್ಬಿಯನ್ನು ಎಷ್ಟು ಸಲ ತೊಳೆದರೂ ಅದು ವಿಷದ ಡಬ್ಬಿಯೇ.

ಸುಟ್ಟಾಗ ಮಾಡಬೇಕಾದದ್ದು ಒಂದೇ: ತಣ್ಣನೆಯ ಶುದ್ಧ ನೀರು, ಬಿಡದೆ 20 ನಿಮಿಷ. ಗಡಿಯಾರ ನೋಡಿಯೇ ಎಣಿಸಿ. ಮಗು ಅಳುವಾಗ ಎರಡು ನಿಮಿಷವೇ ಇಪ್ಪತ್ತರಂತೆ ತೋರುತ್ತದೆ. ಗಾಬರಿಯಲ್ಲಿ ಮೊದಲ ಕೆಲವು ನಿಮಿಷ ತಪ್ಪಿಹೋಗಿದ್ದರೂ ಬಿಡಬೇಡಿ. ಸುಟ್ಟು ಮೂರು ಗಂಟೆಯೊಳಗೆ ನೀರು ಹಾಕಿದರೂ ಪ್ರಯೋಜನವಿದೆ. ನೀರು ಕಡಿಮೆ ಇದ್ದರೆ ಚೊಂಬಿನಿಂದ ಸಣ್ಣ ಧಾರೆಯಾಗಿ ಬಿಡಿ, ಇಲ್ಲವೇ ಒದ್ದೆ ಬಟ್ಟೆ ಹಾಕಿ ಮತ್ತೆ ಮತ್ತೆ ಬದಲಿಸಿ. ಊದಿಕೊಳ್ಳುವ ಮೊದಲೇ ಬಳೆ, ಗೆಜ್ಜೆ, ಉಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬೇಡಿ. ಸುಟ್ಟ ಜಾಗಕ್ಕೆ ನೀರು ಹಾಕುವಾಗ ಉಳಿದ ಮೈ ಬೆಚ್ಚಗಿರುವಂತೆ ಹೊದಿಸಿ, ಸಣ್ಣ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಶಾಯಿ, ಮೊಟ್ಟೆಯ ಲೋಳೆ ಯಾವುದೂ ಬೇಡ. ಇವು ಕಾವನ್ನು ಒಳಗೇ ಹಿಡಿದಿಡುತ್ತವೆ, ಗಾಯಕ್ಕೆ ಸೋಂಕು ತರುತ್ತವೆ, ವೈದ್ಯರು ಅದನ್ನು ಕೆರೆದು ತೆಗೆಯುವಾಗ ಮಗು ಎರಡನೇ ಸಲ ನರಳುತ್ತದೆ. ಬೊಬ್ಬೆ ಒಡೆಯಬೇಡಿ. ನೀರು ಹಾಕಿದ ಮೇಲೆ ತೊಳೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಕರೆದೊಯ್ಯಿರಿ. ಮಗುವಿನ ಅಂಗೈಗಿಂತ ದೊಡ್ಡ ಗಾಯವಾದರೆ, ಇಲ್ಲವೇ ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಗಾಯ ಎಷ್ಟೇ ಚಿಕ್ಕದಿರಲಿ, ಆಸ್ಪತ್ರೆಗೇ ಹೋಗಬೇಕು. 108ಕ್ಕೆ ಕರೆ ಮಾಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಸುಟ್ಟ ಗಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ನಮ್ಮಂಥ ದೇಶಗಳವರೇ.

ಇಷ್ಟು ಓದಿ ‘ಹಾಗಾದರೆ ಮಕ್ಕಳನ್ನು ಬೆಂಕಿಯ ಹತ್ತಿರವೇ ಬಿಡುವುದಿಲ್ಲ’ ಎಂದುಕೊಳ್ಳುವ ತಾಯಂದಿರಿದ್ದಾರೆ. ನನಗೆ ಅದು ಸರಿ ಎನಿಸುವುದಿಲ್ಲ. ಗ್ಯಾಸಿನ ಮನೆಯಲ್ಲಿ ಬೆಳೆದ ಮಕ್ಕಳಿಗೆ ಕೆಂಡ ಎಂದರೆ ಏನೆಂದೇ ತಿಳಿಯದು. ತಿಳಿಯದವರೇ ಮೊದಲು ಮುಟ್ಟುವುದು. ಅವರಿಗೆ ಒಂದು ಗೆರೆ, ಒಂದು ಕೆಲಸ, ಪಕ್ಕದಲ್ಲಿ ಒಬ್ಬ ದೊಡ್ಡವರು, ಈ ಮೂರನ್ನು ಕೊಟ್ಟರೆ ಸಾಕು. ಒಲೆಯ ಸುತ್ತ ಮೂರು ದೊಡ್ಡ ಹೆಜ್ಜೆ ಅಳೆದು ಸುಣ್ಣದಲ್ಲೋ ಬೂದಿಯಲ್ಲೋ ದುಂಡಗೆ ಗೆರೆ ಎಳೆಯಿರಿ. ಅಳೆಯುವುದು ಮಕ್ಕಳೇ ಆಗಲಿ. ತಾವು ಎಳೆದ ಗೆರೆಯನ್ನು ಅವರು ಚೆನ್ನಾಗಿ ಕಾಯುತ್ತಾರೆ, ದೊಡ್ಡವರು ದಾಟಿದರೂ ಬಿಡುವುದಿಲ್ಲ. ಗೆರೆಯ ಒಳಗೆ ಒಂದು ಸಲಕ್ಕೆ ಒಂದೇ ಮಗು, ಕಾಲಲ್ಲಿ ಚಪ್ಪಲಿಯಲ್ಲ, ಮುಚ್ಚಿದ ಬೂಟು. ಕಾಯುವವರ ಕೈಯಲ್ಲಿ ಮೊಬೈಲ್ ಇರಬಾರದು. ಫೋಟೊ ಆಮೇಲೆ ತೆಗೆಯಬಹುದು.

ಜಾಗ ಆರಿಸುವಾಗ ಬಣವೆ, ಒಣಗಿದ ಜೋಳದ ದಂಟು, ಹುಲ್ಲು ಇವುಗಳಿಂದ ಬಹಳ ದೂರ ಹೋಗಿ. ಗಾಳಿ ಬಣವೆಯ ಕಡೆ ಬೀಸುತ್ತಿದ್ದರೆ ಆ ದಿನ ಒಲೆ ಹೊತ್ತಿಸಬೇಡಿ. ನೆರೆಯವರ ಒಂದು ವರ್ಷದ ಮೇವು ಅದು. ಬಾದಾಮಿಯ ಗುಡ್ಡಗಳ ಮೇಲೆ, ಹಳೆಯ ಕಟ್ಟಡಗಳ ಆವರಣದಲ್ಲಿ ಬೆಂಕಿ ಹೊತ್ತಿಸುವುದು ಬೇಡವೇ ಬೇಡ. ಮೂರು ಕಲ್ಲು ಇಡುವಾಗ ಹಳ್ಳದಿಂದಲೋ ಹೊಳೆಯಿಂದಲೋ ತಂದ ಒದ್ದೆ ಕಲ್ಲು ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಒಣಗಿದ ಕಲ್ಲಾದರೂ ಎತ್ತುವ ಮುನ್ನ ಕೋಲಿನಿಂದ ಹೊರಳಿಸಿ, ಕೆಳಗೆ ಚೇಳು ಇರುವುದು ನಮ್ಮ ಕಡೆ ಹೊಸದಲ್ಲ. ಕುಳ್ಳಿನ ರಾಶಿಗೂ ಇದೇ ಮಾತು. ಕಣಗಿಲೆ, ಎಕ್ಕೆ ಗಿಡದ ಕಡ್ಡಿ ಉರಿಸಬೇಡಿ, ಅವುಗಳಲ್ಲಿ ಸೀತನಿ ಚುಚ್ಚಿ ಸುಡಲೂಬೇಡಿ. ಕಣಗಿಲೆಯ ಎಲ್ಲ ಭಾಗವೂ ವಿಷ. ಪ್ಲಾಸ್ಟಿಕ್, ಟಯರ್ ತುಂಡು, ಬಣ್ಣ ಹಚ್ಚಿದ ಹಲಗೆ ಹಾಕಿ ಬೆಂಕಿ ಎಬ್ಬಿಸುವ ಆತುರವೂ ಬೇಡ, ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದಂತೂ ಅಪಾಯ. ದಮ್ಮು ಇರುವ ಮಕ್ಕಳನ್ನು ಗಾಳಿ ಬರುವ ಕಡೆ ಕೂರಿಸಿ, ಪಂಪ್ ಜೇಬಿನಲ್ಲಿರಲಿ.

ಬಟ್ಟೆಯ ವಿಷಯ ನಮ್ಮ ಹೆಣ್ಣುಮಕ್ಕಳಿಗೆ ಬೇರೆಯಾಗಿಯೇ ಹೇಳಬೇಕು. ಜೋಲುವ ದುಪಟ್ಟಾ, ಅಗಲ ತೋಳಿನ ನೈಲಾನ್ ಬುರ್ಖಾ, ಜರಿಯ ಫ್ರಾಕು ಒಲೆಯ ಮುಂದೆ ಬೇಡ. ನೈಲಾನ್ ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯ ಬಟ್ಟೆ ತೊಟ್ಟು, ತಲೆಯ ವಸ್ತ್ರವನ್ನು ಕುತ್ತಿಗೆಯ ಹಿಂದೆ ಗಟ್ಟಿಯಾಗಿ ಕಟ್ಟಿ, ತೋಳು ಮಡಚಿ ಕೂತರೆ ಪರದೆಗೂ ಕೊರತೆಯಿಲ್ಲ. ಒಂದು ಉಣ್ಣೆಯ ಕಂಬಳಿ ಹತ್ತಿರವಿರಲಿ. ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನಿಂತಲ್ಲೇ ಮಲಗಿ ಹೊರಳಬೇಕು, ಮೇಲೆ ಕಂಬಳಿ ಒತ್ತಬೇಕು. ಇದನ್ನು ಮನೆಯಲ್ಲೇ ಜಮಖಾನೆಯ ಮೇಲೆ ಆಟದಂತೆ ಎರಡು ಸಲ ಮಾಡಿಸಿ. ಮಕ್ಕಳು ನಗುತ್ತಲೇ ಕಲಿಯುತ್ತಾರೆ.

ಇನ್ನು ಕೆಲಸ ಹಂಚುವುದು. ಎರಡು ಮೂರು ವರ್ಷದವರು ಅಡುಗೆ ಮಾಡದ ಒಬ್ಬರ ಮಡಿಲಲ್ಲಿರಲಿ. ನಾಲ್ಕೈದು ವರ್ಷದವರು ಬದನೆಕಾಯಿ ತೊಳೆಯಲಿ, ಕೊತ್ತಂಬರಿ ಬಿಡಿಸಲಿ. ಅವರಿಗೆ ಬಹಳ ಖುಷಿ ಕೊಡುವ ಕೆಲಸ ಇನ್ನೊಂದಿದೆ: ಒಲೆಯ ಮೇಲಿಡುವ ಮೊದಲು ಪಾತ್ರೆಯ ಹೊರಮೈಗೆ ಕಲಸಿದ ಮಣ್ಣು ಬಳಿಯುವುದು. ಮಸಿ ಪಾತ್ರೆಗೆ ಹತ್ತುವುದಿಲ್ಲ, ಆಮೇಲೆ ತಿಕ್ಕುವವರ ಕೈ ಉಳಿಯುತ್ತದೆ. ಏಳೆಂಟು ವರ್ಷದವರು ಹಿಟ್ಟು ನಾದಿ ಪುಟ್ಟ ರೊಟ್ಟಿ ತಟ್ಟಬಹುದು. ಹತ್ತು ದಾಟಿದವರು ನಿಮ್ಮ ಪಕ್ಕ ಕೂತು ಉದ್ದ ಚಿಮಟಾದಲ್ಲಿ ಬದನೆಕಾಯಿ ತಿರುಗಿಸಲಿ. ಗಂಡುಮಕ್ಕಳನ್ನು ಕ್ರಿಕೆಟ್ಟಿಗೆ ಬಿಟ್ಟು ಹೆಣ್ಣುಮಕ್ಕಳನ್ನಷ್ಟೇ ಒಲೆಗೆ ಕೂರಿಸುವ ರೂಢಿ ನನಗೆ ಹಿಡಿಸದು. ಪ್ರವಾದಿ(ಸ) ಅವರು ಮನೆಯಲ್ಲಿ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಆಯಿಶಾ(ರ) ಹೇಳಿದ್ದನ್ನು ನಾವೆಲ್ಲ ಓದಿದ್ದೇವೆ.

ಎಲ್ಲಕ್ಕೂ ಮೊದಲು ಕೈ. ವುಝೂ ಮಾಡಿದ ಕೈ ನಮಾಝಿಗೆ ಶುದ್ಧ. ಆದರೆ ಮಣ್ಣು, ಕುಳ್ಳು, ಹಸಿ ಮಾಂಸ ಮುಟ್ಟಿದ ಮೇಲೆ ಸಾಬೂನು ಬೇಕೇ ಬೇಕು. ಸಾಬೂನು ಮರೆತು ಹೋಗಿದ್ದರೆ ಕಟ್ಟಿಗೆಯ ತಣ್ಣನೆಯ ಬೂದಿಯಲ್ಲಿ ತಿಕ್ಕಿ ಶುದ್ಧ ನೀರಿನಲ್ಲಿ ತೊಳೆಯಬಹುದು, ಬರೀ ನೀರಿಗಿಂತ ಅದು ಮೇಲು. ಮರದ ಕೊಂಬೆಗೆ ತೂತು ಕೊರೆದ ಬಾಟಲಿ ನೇತುಹಾಕಿ ಪಕ್ಕದಲ್ಲಿ ಸಾಬೂನು ಕಟ್ಟಿದರೆ ಮಕ್ಕಳು ಕರೆಯದೆಯೇ ಹೋಗಿ ತೊಳೆಯುತ್ತಾರೆ.

ಅಡುಗೆ ಸರಳವಾಗಿರಲಿ. ಮೊದಲ ಸಲಕ್ಕೆ ಸುಟ್ಟ ಬದನೆಕಾಯಿಯಷ್ಟು ಒಳ್ಳೆಯದು ಬೇರೊಂದಿಲ್ಲ. ಕುದಿಯುವ ಪಾತ್ರೆಯಿಲ್ಲ, ಕಾದ ಎಣ್ಣೆಯಿಲ್ಲ. ಆರು ಜನಕ್ಕೆ ನಾಲ್ಕು ದೊಡ್ಡ ಗುಂಡು ಬದನೆಕಾಯಿ ಸಾಕು. ಹುಳುವಿನ ತೂತು ಇಲ್ಲದ್ದನ್ನು ಆರಿಸಿ, ಚಾಕುವಿನ ತುದಿಯಿಂದ ಐದಾರು ಕಡೆ ಚುಚ್ಚಿ. ಚುಚ್ಚದಿದ್ದರೆ ಒಳಗಿನ ಹಬೆಗೆ ಒಡೆದು ಬಿಸಿ ತಿರುಳು ಹಾರುತ್ತದೆ. ಉರಿಯ ಮೇಲಲ್ಲ, ಉರಿ ಇಳಿದ ಕೆಂಡದ ಮೇಲೆ ಇಡಿ. ಹದಿನೈದು ಇಪ್ಪತ್ತು ನಿಮಿಷ ತಿರುಗಿಸುತ್ತಾ ಸುಟ್ಟರೆ ಸಿಪ್ಪೆ ಕಪ್ಪಾಗಿ ಕಾಯಿ ಕುಸಿಯುತ್ತದೆ. ಪಾತ್ರೆಯಲ್ಲಿ ಹಾಕಿ ಹತ್ತು ನಿಮಿಷ ಮುಚ್ಚಿ, ಪೂರ್ತಿ ಆರಿದ ಮೇಲೆ ಸಿಪ್ಪೆ ಸುಲಿಯುವುದು, ಹಿಸುಕುವುದು ಮಕ್ಕಳ ಪಾಲು. ಎರಡು ಉಳ್ಳಾಗಡ್ಡಿ, ನಾಲ್ಕು ಚಮಚ ಶೇಂಗಾ ಪುಡಿ, ಉಪ್ಪು, ಕೊತ್ತಂಬರಿ, ಒಂದು ಚಮಚ ಎಣ್ಣೆ. ಹಸಿಮೆಣಸಿನಕಾಯಿಯನ್ನು ದೊಡ್ಡವರ ಪಾಲಿಗೆ ಬೇರೆ ಹಾಕಿ. ಮೆಣಸಿನಕಾಯಿ ಹೆಚ್ಚಿದ ಕೈ ಮಗುವಿನ ಕಣ್ಣಿಗೆ ಹೋಗದಿರಲಿ.

ಹೊಟ್ಟೆ ತುಂಬಲು ಕಿಚಡಿ. ಎರಡು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ, ಜೀರಿಗೆ, ಅರಿಶಿನ, ಉಪ್ಪನ್ನು ಮನೆಯಲ್ಲೇ ಅಳೆದು ಪೊಟ್ಟಣ ಕಟ್ಟಿಕೊಂಡು ಹೋಗಿ. ಒಂಬತ್ತು ಲೋಟ ನೀರು, ಸಣ್ಣ ಉರಿಯಲ್ಲಿ ಸುಮಾರು ಅರ್ಧ ಗಂಟೆ. ಇಲ್ಲಿ ಬೆಂಕಿಗಿಂತ ಪಾತ್ರೆಯ ಭಯ ಹೆಚ್ಚು. ಖಾಲಿ ಪಾತ್ರೆಯನ್ನು ಮೂರು ಕಲ್ಲಿನ ಮೇಲಿಟ್ಟು, ತಣ್ಣೀರು ತುಂಬಿ ಅಲ್ಲಾಡಿಸಿ ನೋಡಿ. ಆಗ ವಾಲಿದರೆ ಕುದಿಯುವಾಗಲೂ ವಾಲುತ್ತದೆ. ಇಳಿಸುವುದು, ಬಡಿಸುವುದು ದೊಡ್ಡವರದೇ ಕೆಲಸ.

ಕೋಳಿ ಬೇಕೇ ಬೇಕು ಎನ್ನುವವರಿಗೆ ಒಂದು ಮಾತು. ಕೆಂಡದ ಮೇಲೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುವುದು ಕೋಳಿಯ ಗುಣ. ಹಲಾಲ್ ಎಂದು ಖಾತ್ರಿಯಾದ ಮಾತ್ರಕ್ಕೆ ಬೆಂದಿದೆ ಎಂದು ಖಾತ್ರಿಯಾಗುವುದಿಲ್ಲ. ಸಣ್ಣ ತುಂಡು ಮಾಡಿಸಿ, ಮಸಾಲೆ ಹಚ್ಚಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಒಯ್ಯಿರಿ. ಎಲುಬಿನ ಹತ್ತಿರ ಕೊಯ್ದು ನೋಡಿದಾಗ ಕೆಂಪು ಇರಬಾರದು, ರಸ ತಿಳಿಯಾಗಿರಬೇಕು. ಹಸಿ ಮಾಂಸದ ಚಾಕು, ತಟ್ಟೆ ಮತ್ತೊಂದಕ್ಕೆ ಬಳಸಬೇಡಿ. ನನ್ನನ್ನು ಕೇಳಿದರೆ, ಐದು ವರ್ಷದೊಳಗಿನ ಮಕ್ಕಳಿರುವ ದಿನ ಕೋಳಿಯನ್ನು ಮನೆಯಲ್ಲೇ ಬೇಯಿಸಿ ತಿನ್ನಿ. ಉಳಿದ ಅಡುಗೆಯನ್ನು, ವಿಶೇಷವಾಗಿ ಅನ್ನವನ್ನು, ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಸಿಲಿನ ಜಾಗದಲ್ಲಿಟ್ಟು ಮಕ್ಕಳಿಗೆ ಕೊಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಸೀತನಿಗೂ ಹಸಿ ಕಡಲೆಗೂ ಬರೋಣ. ಕಡಲೆಯ ಗಿಡವನ್ನೇ ಕಿತ್ತು ಉರಿಯ ಮೇಲೆ ಹಾಕುವ ಮೊದಲು ಹೊಲದವರನ್ನು ಕೇಳಿ: ಕಾಯಿಕೊರಕಕ್ಕೆ ಔಷಧಿ ಹೊಡೆದು ಎಷ್ಟು ದಿನವಾಯಿತು? ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂದು ಡಬ್ಬಿಯ ಚೀಟಿಯ ಮೇಲೆ ಬರೆದಿರುತ್ತದೆ. ಸುಟ್ಟರೆ ವಿಷ ಹೋಗುತ್ತದೆ ಎಂದು ನಂಬಬೇಡಿ. ಪಕ್ಕದ ಹೊಲದವರು ಕೇಳದೆ ಕಿತ್ತುಕೊಳ್ಳುವ ದಾರಿಹೋಕರಿಗೂ ಇದು ಗೊತ್ತಿರಲಿ. ಬೇರೆಯವರ ಬೆಳೆ ಕೇಳದೆ ಮುಟ್ಟುವುದು ಹೇಗೂ ಸರಿಯಲ್ಲ.

ಸೀತನಿಗೆ ಕುಣಿ ತೋಡಿ, ಕುಳ್ಳು ಸುಟ್ಟು, ಹೊಗೆ ಪೂರ್ತಿ ಹೋಗಿ ಬರೀ ಕೆಂಡವಾದ ಮೇಲೆ ತೆನೆ ಇಟ್ಟು ತಿರುಗಿಸಬೇಕು. ಬೆಂದ ತೆನೆಯನ್ನು ಗೋಣಿಚೀಲದ ಮೇಲೆ ಬಡಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರುವುದು ಮಕ್ಕಳಿಗೆ ಹಬ್ಬ. ಹೊಟ್ಟು ಚೆನ್ನಾಗಿ ಹಾರಿಸಿ, ಇಲ್ಲದಿದ್ದರೆ ಗಂಟಲು ಕೆರೆದು ಕೆಮ್ಮು ಬರುತ್ತದೆ. ಬೆಲ್ಲ, ಒಣ ಕೊಬ್ಬರಿ, ಶೇಂಗಾ ಹಿಂಡಿ ಜೊತೆಗೆ. ಆದರೆ ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಕಾಳು, ಸುಟ್ಟ ಕಡಲೆ ಕಾಳು ಬೇಡ. ಓಡುತ್ತಾ, ನಗುತ್ತಾ ತಿನ್ನುವಾಗ ಕಾಳು ಶ್ವಾಸನಾಳಕ್ಕೆ ಸೇರುತ್ತದೆ. ಕುಟ್ಟಿ ಪುಡಿ ಮಾಡಿ ಕೊಡಿ, ಕೂರಿಸಿ ಬಿಸ್ಮಿಲ್ಲಾಹ್ ಹೇಳಿಸಿ ತಿನ್ನಿಸಿ. ಕಾಳು ಸಿಕ್ಕಿ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ ಬಾಯಿಯೊಳಗೆ ಕುರುಡಾಗಿ ಬೆರಳು ಹಾಕಬೇಡಿ. ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಹೋಗದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಎರಡನ್ನೂ ಒಂದರ ನಂತರ ಒಂದು ಮುಂದುವರಿಸುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕಳೆದ ಜನವರಿಯಲ್ಲಿ ಅದೇ ಬೇವಿನ ಮರದ ಕೆಳಗೆ ಮತ್ತೆ ಸೇರಿದ್ದೆವು. ಏಳು ವರ್ಷದವನಾದ ಅಕ್ಕನ ಮಗ ಕೆಂಪು ದಾರದ ಕ್ಯಾನಿನ ಕಾವಲಿಗೆ ಕೂತಿದ್ದ. ಚಹಾಕ್ಕೆ ನೀರು ಸಾಲದೆ ಅವನ ಮಾಮು ಅದಕ್ಕೆ ಕೈ ಹಾಕಿದಾಗ ‘ಇದು ಬೆಂಕೀದು ಮಾಮು, ಚಾದ್ದಲ್ಲ’ ಎಂದು ಮುಚ್ಚಳ ಒತ್ತಿ ಹಿಡಿದ. ಊಟ ಮುಗಿದು, ನೀರು ಸುರಿದು ಕೆದಕಿ ಎರಡು ಸುತ್ತು ಆದ ಮೇಲೂ ‘ಇನ್ನೂ ಹಬಿ ಬರ್ತೈತಿ’ ಎಂದು ಗೆರೆಯ ಹೊರಗಿನಿಂದ ಬೆರಳು ತೋರಿಸಿದ. ನೋಡಿದರೆ ಹೌದು, ಒಂದು ಮೂಲೆಯಲ್ಲಿ ಕುಳ್ಳಿನ ತುಂಡೊಂದು ಇನ್ನೂ ಕನಲುತ್ತಿತ್ತು. ಮೂರನೇ ಸುತ್ತು ಸುರಿದ ಮೇಲೆಯೇ ಅವನು ನಮಾಝಿಗೆಂದು ಬೂಟು ಬಿಚ್ಚಿದ್ದು.